ಶತ್ರು ವಿಮಾನದ ಸೋಲು

ಮಹಾಯುದ್ಧದ ಕಾಳಗವನ್ನು ಪ್ರತಿವರ್ಷ ಆಡಿ ತೋರಿಸುವ ಆ ಬಯಲಿನಲ್ಲಿ ಎರಡು ಯುದ್ಧವಿಮಾನಗಳಿದ್ದವು. ಎರಡೂ ರಾವಣನ ಪುಷ್ಪಕಕ್ಕಿಂತ ಹಳೆಯವು. ಒಮ್ಮೆ ಕೆಮ್ಮಿದರೆ ಮೂರೂರಿನ ಕೋಳಿಗಳು ಮೊಟ್ಟೆ ಇಡುವುದನ್ನೇ ಮರೆಯುತ್ತಿದ್ದವು. ವಾಮನ ಹಾರಿಸುತ್ತಿದ್ದದ್ದು ಶತ್ರುವಿನ ವಿಮಾನ. ಏಟು ತಿಂದಂತೆ ಹೊಗೆ ಬಿಟ್ಟು ಕೆಳಗೆ ಬರುವುದು ಅವನ ಪಾಲು.

ಈ ಸಲ ವಾಮನನನ್ನು ವರನಾಗಿ ನೋಡಲೆಂದು ಒಬ್ಬ ಹುಡುಗಿಯೂ ಅವಳ ಅಜ್ಜಿಯೂ ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದರು.

“ಜಯಣ್ಣ, ಇವತ್ತೊಂದಿನ ನೀನು ಸೋತುಬಿಡು ಮಾರಾಯ. ಅವರೆದುರಿಗೆ ನೆಲ ಕಚ್ಚಿದ್ರೆ ಈ ಜನ್ಮಕ್ಕೆ ನಂಗೆ ಮದುವೆ ಇಲ್ಲ” ಎಂದು ವಾಮನ, ಗೆಲ್ಲುವ ವಿಮಾನ ಹಾರಿಸುವ ಜಯದೇವನನ್ನು ಬೇಡಿಕೊಂಡ.

“ಐದು ವರ್ಷದಿಂದ ಗೆದ್ದು ಗೆದ್ದು ನಂಗೂ ಬೇಜಾರಾಗಿದೆ, ತಗೊಳ್ಳೋ” ಎಂದು ಜಯದೇವ ವಿಮಾನ ಬದಲಿಸಿಕೊಂಡ.

ಆಕಾಶದಲ್ಲಿ ವಾಮನ ಗುಂಡಿನ ಸದ್ದಿನ ಮಳೆಯನ್ನೇ ಸುರಿಸಿದ. ಜಯದೇವ ಹೊಗೆ ಕಾರುತ್ತ, ಗಿರಗಿರ ತಿರುಗುತ್ತ ಬಂದು, ಮರದ ತುದಿ ಸವರಿಕೊಂಡು ಮೆಲ್ಲಗೆ ನೆಲಕ್ಕಿಳಿದ.

ವಾಮನ ಕೆಳಗಿಳಿದವನೇ ಮೀಸೆ ತಿರುವುತ್ತ ಅಜ್ಜಿಯೆದುರು ನಿಂತ.

“ಹೆಂಗಿತ್ತಜ್ಜಿ?”

“ಢಂಢಂ ಅನ್ನೋರು ನಮ್ಮನೇಲೇ ಬೇಕಾದಷ್ಟಿದಾರೆ ಕಣಪ್ಪ. ಆ ಇನ್ನೊಬ್ಬನಿಗೆ ಮದುವೆ ಆಗಿದ್ಯಾ?”

“ಇಲ್ಲ. ಯಾಕಜ್ಜಿ?”

“ಅಷ್ಟು ಏಟು ತಿಂದು ಆಕಾಶದಿಂದ ಬಿದ್ರೂ ನಗ್ತಾ ಎದ್ದು ಬಂದ. ನಮ್ಮ ಹುಡುಗಿ ಜೊತೆ ಬಾಳೋಕೆ ಅಂಥವನೇ ಬೇಕು. ಅವನ ಜಾತಕ ಕೊಡ್ಸು.”