ಬಾಗಿಲಿನ ಹಿಡಿ

“ಮುಟ್ಟಬೇಡಿ ಅದನ್ನು!” ಭವಿತ್ ಕಿರುಚಿದ. ಸಿದ್ಧಕಟ್ಟೆಯ ಮಂದಿರದಲ್ಲಿ ಭಜನೆ ಕಲಿಸುವ ವಾಮನಣ್ಣ, ಅವನ ತೀರಿಹೋದ ಅಪ್ಪ ಕಮಲಾಕ್ಷರ ಹಾರ್ಮೋನಿಯಂನಿಂದ ಕೈ ತೆಗೆದರು.

“ಮಂದಿರದಲ್ಲಿ ನಿನ್ನ ಅಪ್ಪನ ಹೆಸರಲ್ಲೇ ಇಡ್ತೇವೆ ಮಾರಾಯ. ಇಲ್ಲಿ ಮನೆಯಲ್ಲಿ ಜಿರಳೆ ತಿಂದು ಹಾಳಾಗುವುದಕ್ಕಿಂತ ಅಲ್ಲಿ ನಾಲ್ಕು ಜನ ಕೇಳಲಿ. ನಿನಗೆ ಬಾರಿಸ್ಲಿಕ್ಕೆ ಬರ್ತದಾ?”

“ಬರ್ತದೆ!”

ಹಟದಿಂದ, ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಕುಳಿತ. ಕೈ ತಾನಾಗಿ ತಿದಿಗೆ ಹೋಯಿತು. ಅಲ್ಲೊಂದು ಹಿತ್ತಾಳೆಯ ಬಾಗಿಲಿನ ಹಿಡಿ. ಎಡಗೈಗೆ ಪಾರ್ಶ್ವವಾಯು ಬಡಿದ ಮೇಲೆ ಅಪ್ಪ ಬಲಗೈಯೊಂದರಲ್ಲೇ ಸ್ಕ್ರೂ ತಿರುಗಿಸಿ ಮಗನಿಗೆ ಎಳೆಯಲೆಂದು ಜೋಡಿಸಿದ್ದು. ಅಂದಿನಿಂದ ದಿನಾ ಸಂಜೆ ಮಗ ಗಾಳಿ ಹಾಕುವುದು, ಅಪ್ಪ ಬಾರಿಸುವುದು. “ಮೆಲ್ಲ ಮಾರಾಯ, ಲಾರಿ ಟಯರಿಗೆ ಹಾಕಿದ ಹಾಗೆ ಹಾಕ್ಬೇಡ” ಎಂದು ನಡುನಡುವೆ ಬೈಯುವುದು.

ಭವಿತ್ ಹಿಡಿ ಎಳೆದು ಬಿಟ್ಟ. ತಿದಿ ಉಸಿರಾಡಿತು, ಸ್ವರ ಬರಲಿಲ್ಲ. ಬೆರಳಿಂದ ಒತ್ತುವ ಕಪ್ಪು-ಬಿಳಿ ಮನೆಗಳೆಲ್ಲ ಆಚೆ ಬದಿಗಿದ್ದವು. ಅದು ಅಪ್ಪನ ಬದಿ.

ತಲೆ ಎತ್ತದೆ, ಸಿಟ್ಟಿನಲ್ಲೇ ಹೇಳಿದ: “ತೆಗೊಂಡು ಹೋಗಿ. ಆದ್ರೆ ಮೊದಲು ಆಚೆ ಕೂತ್ಕೊಳ್ಳಿ. ಒಂದು ಭಜನೆ ಪದ ಬಾರಿಸಿ. ನಾನು ಗಾಳಿ ಹಾಕ್ತೇನೆ.”