ರುಬ್ಬಿ ನೋಡಿ ಕೊಳ್ಳಿ

"ಬಾಯಿಮಾತು ನಂಬಿ ಗ್ರೈಂಡರ್ ಕೊಳ್ಳಬಾರದು ಶೆಟ್ಟರೇ, ರುಬ್ಬಿ ನೋಡಬೇಕು," ಎನ್ನುತ್ತ ತುಂಗಮ್ಮ ನೆನೆಸಿದ ಉದ್ದು, ಅಕ್ಕಿಯ ಪಾತ್ರೆಗಳನ್ನು ಅಂಗಡಿಯ ಮೇಜಿನ ಮೇಲಿಟ್ಟರು.

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಜಾಯಮಾನ ಶೆಟ್ಟರದಲ್ಲ. ಒಂದು ಗ್ರೈಂಡರಿನಲ್ಲಿ ಉದ್ದು, ಇನ್ನೆರಡರಲ್ಲಿ ಅಕ್ಕಿ ಹಾಕಿ, ಪಕ್ಕದಲ್ಲೇ ನಿಂತು ನುಣ್ಣಗೆ ರುಬ್ಬಿಕೊಟ್ಟರು.

"ಯಾವುದು ಪ್ಯಾಕ್ ಮಾಡಲಿ ತುಂಗಮ್ಮನೋರೇ?"

ತುಂಗಮ್ಮ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಮೂರೂ ಚೆನ್ನಾಗಿವೆ. ಆದ್ರೂ ಇನ್ನೊಂದು ಅಂಗಡೀಲಿ ವಿಚಾರಿಸಿಬಿಡ್ತೀನಿ," ಎಂದು ಹಿಟ್ಟು ಹೊತ್ತು ನಡೆದರು.

ಮರುದಿನ ಬೆಳಿಗ್ಗೆ ಶೆಟ್ಟರ ಮನೆಯಲ್ಲಿ ಇಡ್ಲಿ ಹತ್ತಿಯಂತೆ ಅರಳಿತ್ತು.

"ಭಲೇ! ಯಾವಾಗ ರುಬ್ಬಿದೆ?" ಶೆಟ್ಟರು ಹೆಂಡತಿಯನ್ನು ಕೇಳಿದರು.

"ನಾನೆಲ್ಲಿ ರುಬ್ಬಲಿ? ಹಿಂದಿನ ಬೀದಿ ತುಂಗಮ್ಮ ವಾರವಾರ ಹಿಟ್ಟು ಮಾರ್ತಾರೆ, ಕೊಂಡು ತಂದೆ. ನಮ್ಮ ಹಾಗೇ ಅವರ ಮನೇಲೂ ಗ್ರೈಂಡರ್ ಇಲ್ಲವಂತೆ, ಪಾಪ!"