ಹುಣಸೆ ಬೀಜದ ಬಿಳಿ ಮಗ್ಗುಲು

ಸೀಳಿದ ಹುಣಸೆ ಬೀಜ ಮೂರನೇ ಸಲವೂ ಕಪ್ಪು ಮಗ್ಗುಲಾಗಿಯೇ ಬಿತ್ತು. ಬಿಳಿ ಬಿದ್ದರೆ ಕೂಸು ಉಳಿಯುತ್ತದೆ ಎಂದುಕೊಂಡು ಹಾಕಿದ್ದ ಚಿಕ್ಕತಾಯಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಹಿಂದೆ ಹೆತ್ತ ಮೂರೂ ಗೆಟ್ಟವಾಡಿಯ ಹೊಲದ ಬದುವಿನಲ್ಲಿ ಮಣ್ಣಾಗಿದ್ದವು. ಬೆಳಗಿನಿಂದ ನೋವು ಕಾಣಿಸಿಕೊಂಡಿತ್ತು; ಸೂಲಗಿತ್ತಿಯನ್ನು ಕರೆತರಲು ಗಂಡ ತಾಳವಾಡಿಗೆ ಗಾಡಿ ಕಟ್ಟಿದ್ದ.

"ಮೂರು ಸಲ ಕಪ್ಪಾಯ್ತಲ್ಲ, ಇನ್ನು ಬಿಳೀದೇ ಬೀಳ್ಬೇಕು ಕಣವ್ವ. ಕೂಸೂ ಅಂಗೇಯ," ಎಂದಳು ಅತ್ತೆ ಕುಳ್ಳಮ್ಮ.

"ಮುಂಚೆ ಎಂಗ್ ಬಿತ್ತು ಅಂತ ಬೀಜಕ್ಕೇನ್ ಗೊತ್ತು, ಅತ್ತೆ?"

ಕುಳ್ಳಮ್ಮ ಬೀಜವನ್ನೆತ್ತಿಕೊಂಡು, ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಂದಳು. "ಇನ್ನೊಂದ್ ಸಲ ಆಕವ್ವ."

ಬಿಳಿ ಬಿತ್ತು. "ನೋಡ್ದಾ! ಈ ಕೂಸು ಉಳ್ಕತದೆ," ಅತ್ತೆಯ ದನಿ ಏರಿತು.

ಚಿಕ್ಕತಾಯಿ ಬೀಜವನ್ನು ಕೈಗೆತ್ತಿಕೊಂಡು ಮಗುಚಿದಳು. ಆ ಮಗ್ಗುಲೂ ಬಿಳಿ. ಕಪ್ಪು ಸಿಪ್ಪೆಯನ್ನು ಕಲ್ಲಿಗೆ ಉಜ್ಜಿದ ಗೀರುಗಳು ಇನ್ನೂ ಒದ್ದೆಯಾಗಿದ್ದವು. ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಊಂ ಅತ್ತೆ, ಬಿಳೀದೇ."

ಅಷ್ಟರಲ್ಲಿ ನೋವು ಒತ್ತರಿಸಿ ಬಂತು. ಬೀಜವಿದ್ದ ಮುಷ್ಟಿಯನ್ನು ಬಿಚ್ಚದೆ, ಅವಳು ಇನ್ನೊಂದು ಕೈಯಿಂದ ಆಸರೆಗೆಂದು ಅತ್ತೆಯ ಕೈ ಹಿಡಿದುಕೊಂಡಳು.